ಕಡಲಿಗೆ ಹೋಗಲು ಕಡಲು ಕಾಣದ ದಾರಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಮಾರೊ ಬೇ ಎಂಬ ಪುಟ್ಟ ಕಡಲೂರಿಗೆ ಹೋಗಲು ಎರಡು ದಾರಿಗಳಿವೆ. ಎರಡರ ದೂರವೂ ಹೆಚ್ಚುಕಡಿಮೆ ಒಂದೇ, ಮುನ್ನೂರು ಕಿಲೋಮೀಟರ್ ಆಸುಪಾಸು. ಒಂದು, ಮಾಂಟೆರೆ ಮತ್ತು ಕಾರ್ಮೆಲ್ ದಾಟಿ ಬಿಗ್ ಸರ್ ಕರಾವಳಿಯ ಬಂಡೆಗಳ ಅಂಚಿನಲ್ಲೇ ಸಾಗುವ ಹೈವೇ 1. ಆ ರಾಜ್ಯದ ಪ್ರವಾಸಿ ಕ್ಯಾಲೆಂಡರುಗಳಲ್ಲಿ ಒಂದು ತಿಂಗಳಾದರೂ ಇದಕ್ಕೇ ಮೀಸಲು. ಇನ್ನೊಂದು, ಸಲೀನಾಸ್ ಕಣಿವೆಯ ಲೆಟಸ್ ಹೊಲಗಳ ನಡುವೆ ನೆಟ್ಟಗೆ ದಕ್ಷಿಣಕ್ಕಿಳಿಯುವ ಹೈವೇ 101. ಅದನ್ನು ಯಾರೂ ಕ್ಯಾಲೆಂಡರಿಗೆ ಹಾಕಿಸುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಸನ್ನಿವೇಲ್, ಫ್ರೀಮಾಂಟ್‌ಗಳ ಕನ್ನಡದ ಮನೆಗಳಲ್ಲಿ, ಊರಿಂದ ಅಪ್ಪ-ಅಮ್ಮ ಬಂದಿರುವ ಬೇಸಗೆಯಲ್ಲಿ, ಎರಡು ಮನೆಯವರು ಸೇರಿ ಒಂದು ಆರ್‌ವಿ (ಚಕ್ರದ ಮೇಲಿನ ಮನೆ, ಮೋಟರ್‌ಹೋಮ್) ಬಾಡಿಗೆಗೆ ಹಿಡಿದು ಕಡಲತೀರದಲ್ಲಿ ಎರಡು ರಾತ್ರಿ ತಂಗಿ ಬರೋಣ ಎಂಬ ಮಾತು ಬಂದಾಗ ಮೊದಲು ನಿಶ್ಚಯವಾಗುವುದು ದಾರಿಯೇ. ಅದು ಹೈವೇ 1 ಎಂದೇ ನಿಶ್ಚಯವಾಗುತ್ತದೆ. ಕಡಲಿಗೆ ಹೊರಟವರು ಕಡಲು ಕಾಣುವ ದಾರಿ ಬಿಟ್ಟು ಹೊಲದ ನಡುವೆ ಯಾಕೆ ಹೋಗಬೇಕು ಎಂಬ ಪ್ರಶ್ನೆ ಸಹಜವೇ. ಆದರೆ ಹೋಗುತ್ತಿರುವುದು ಕಾರಲ್ಲ, ಮನೆ. ಮನೆಯನ್ನು ಸಾಗಿಸುವ ದಾರಿಯನ್ನು ಮನೆ ನಿಲ್ಲುವ ಜಾಗದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರಬೇಕು, ಹಾಗೆ ಲೆಕ್ಕ ಹಾಕಿದರೆ ಉತ್ತರ ಬಹುಪಾಲು 101 ಎಂದೇ ಬರುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಗಾಡಿಯನ್ನು ನೋಡೋಣ. ಅಮೆರಿಕದಲ್ಲಿ ಸಂಸಾರಸ್ಥರು ಬಾಡಿಗೆಗೆ ಪಡೆಯುವುದು ಹೆಚ್ಚಾಗಿ ಕ್ಲಾಸ್ ಸಿ ಎಂಬ ಬಗೆ. ಮುಂದೆ ವ್ಯಾನಿನ ಮೂತಿ, ಅದರ ನೆತ್ತಿಯ ಮೇಲೆ ಚಾಚಿಕೊಂಡ ಒಂದು ಹಾಸಿಗೆ, ಹಿಂದೆ ಡಬ್ಬದಂಥ ಮನೆ. ಇದರ ಕೆಳಗಿರುವ ಚಾಸಿ ಸಾಮಾನ್ಯವಾಗಿ ಫೋರ್ಡ್ ಇ-450. ತುಂಬಿದ ಗಾಡಿಯ ತೂಕದ ಮಿತಿ 14,500 ಪೌಂಡ್, ಎಂದರೆ ಆರೂವರೆ ಟನ್. ಉದ್ದ 25ರಿಂದ 31 ಅಡಿ, ಮೇಲಿನ ಏಸಿ ಡಬ್ಬಿಯೂ ಸೇರಿ ಎತ್ತರ 11-12 ಅಡಿ. ಲೀಟರ್ ಪೆಟ್ರೋಲಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಪುಣ್ಯ. ಹೊಸಬರಿಗೆ ಕಾಟ ಕೊಡುವುದು ಇದರ ಬಾಲ. ಹಿಂದಿನ ಚಕ್ರದಿಂದಾಚೆಗೂ ಎಷ್ಟೋ ಅಡಿ ದೇಹ ಉಳಿದಿರುತ್ತದೆ. ಬಲಕ್ಕೆ ತಿರುಗಿಸಿದರೆ ಆ ಬಾಲ ಎಡಕ್ಕೆ ಬೀಸುತ್ತದೆ. ಬಂಕಿನ ಪಂಪಿನ ಪಕ್ಕದ ಕಬ್ಬಿಣದ ಕಂಬಗಳಿಗೆ ತಾಗುವುದು ಮೂತಿಯಲ್ಲ, ಈ ಬಾಲ. ಇಷ್ಟು ದೊಡ್ಡ ಗಾಡಿಯನ್ನು ಓಡಿಸಲು ಕ್ಯಾಲಿಫೋರ್ನಿಯಾದಲ್ಲಿ ಬೇರೆ ಲೈಸೆನ್ಸ್ ಬೇಡ. 40 ಅಡಿವರೆಗಿನ ಮೋಟರ್‌ಹೋಮನ್ನು ಸಾಮಾನ್ಯ ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು. ಈ ಉದಾರತೆ ಒಳ್ಳೆಯದೋ ಕೆಟ್ಟದ್ದೋ, ಅದರ ಫಲವಂತೂ ಸ್ಪಷ್ಟ: ಶುಕ್ರವಾರದವರೆಗೆ ಕ್ಯಾಮ್ರಿ ಓಡಿಸಿದ ಕೈ ಶನಿವಾರ ಬೆಳಿಗ್ಗೆ ಲಾರಿ ಓಡಿಸುತ್ತದೆ. ಒಳಗೆ ಅಡುಗೆಮನೆ ಇದೆಯಲ್ಲ, ದಾರಿಯಲ್ಲೇ ಬಿಸಿ ಬಿಸಿ ದೋಸೆ ಹಾಕಬಹುದು ಎಂದುಕೊಂಡವರೂ ಉಂಟು. ಹಾಗೇನಿಲ್ಲ. ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಬಿಗಿದು ಕೂತಿರಬೇಕು, ಒಲೆಯ ಗ್ಯಾಸ್ ಬಂದ್ ಆಗಿರಬೇಕು. ಮನೆಯ ಸುಖವೆಲ್ಲ ಗಾಡಿ ನಿಂತ ಮೇಲೆ ಶುರು. ಹಾಗಾಗಿ ನಿಲ್ಲುವ ಜಾಗ, ನಿಲ್ಲುವ ಹೊತ್ತು ಇವೆರಡೂ ದಾರಿಗಿಂತ ಮುಖ್ಯ.

ನಿಲ್ಲುವ ಜಾಗವೂ ನಮ್ಮಿಷ್ಟಕ್ಕೆ ಸಿಗುವಂಥದ್ದಲ್ಲ. ಕ್ಯಾಲಿಫೋರ್ನಿಯಾದ ಸರ್ಕಾರಿ ಉದ್ಯಾನಗಳ ಕಡಲತೀರದ ಕ್ಯಾಂಪ್‌ಗ್ರೌಂಡುಗಳನ್ನು ಆರು ತಿಂಗಳು ಮುಂಚೆಯೇ ಕಾಯ್ದಿರಿಸಬಹುದು. ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ತೆರೆದರೆ ಬೇಸಗೆಯ ಶನಿವಾರಗಳು ಕಣ್ಣೆದುರೇ ಖಾಲಿಯಾಗುತ್ತವೆ. ಆ ಅವಸರದಲ್ಲಿ ಜನ ನೋಡುವುದು ದಿನಾಂಕ ಮತ್ತು ಬಾಡಿಗೆಯನ್ನು, ನೋಡದೆ ಬಿಡುವುದು ಸೈಟಿನ ಉದ್ದವನ್ನು. ಬಿಗ್ ಸರ್‌ನ ಫೈಫರ್ ಉದ್ಯಾನದಲ್ಲಿ ಮೋಟರ್‌ಹೋಮಿಗೆ ಮಿತಿ 32 ಅಡಿ, ಎಳೆದುಕೊಂಡು ಹೋಗುವ ಟ್ರೇಲರಿಗೆ 27. ಅಲ್ಲಿಂದ ದಕ್ಷಿಣಕ್ಕೆ ಅರಣ್ಯ ಇಲಾಖೆಯ ಕರ್ಕ್ ಕ್ರೀಕ್, ಸಮುದ್ರದ ನೆತ್ತಿಯ ಮೇಲೇ ಕೂತಂತಿರುವ ಜಾಗ. ಮಿತಿ 30 ಅಡಿ, ಕುಡಿಯುವ ನೀರಿಲ್ಲ, ಕರೆಂಟಿಲ್ಲ. ಅದರ ಪಕ್ಕದ ಲೈಮ್‌ಕಿಲ್ನ್ ಉದ್ಯಾನದಲ್ಲಿ 24 ಅಡಿ ದಾಟಿದ ಮೋಟರ್‌ಹೋಮಿಗೆ ಪ್ರವೇಶವೇ ಇಲ್ಲ. ಇದಲ್ಲದೆ ಪ್ರತಿ ಸೈಟಿಗೂ ತನ್ನದೇ ಮಿತಿ ಇರುತ್ತದೆ, ಅದು ಉದ್ಯಾನದ ಮಿತಿಗಿಂತ ಕಡಿಮೆಯೂ ಇರಬಹುದು. ಮಾರೊ ಬೇ ಉದ್ಯಾನವನ್ನು ಇಲ್ಲಿ ಉದಾಹರಣೆಗೆ ಆರಿಸಿಕೊಂಡಿರುವುದಕ್ಕೆ ಕಾರಣ ಅಲ್ಲಿನ ನೋಟ ಮಾತ್ರವಲ್ಲ. ನೋಟಕ್ಕೇನೂ ಕೊರತೆಯಿಲ್ಲ, ಊರಿನ ಮುಂದೆ ನೀರಿನಿಂದ 576 ಅಡಿ ಎದ್ದು ನಿಂತ ಮಾರೊ ಬಂಡೆಯಿದೆ. ಆದರೆ ಅಲ್ಲಿನ ಕೆಲವು ಸೈಟುಗಳಲ್ಲಿ ನೀರು, ಕರೆಂಟು ಎರಡರ ಸಂಪರ್ಕವೂ ಸಿಗುತ್ತದೆ. ವಯಸ್ಸಾದವರಿರುವ ಸಂಸಾರಕ್ಕೆ ಇದು ಸಣ್ಣ ಮಾತಲ್ಲ. ಸಂಪರ್ಕವಿಲ್ಲದ ಕಡೆ ಜನರೇಟರೇ ಗತಿ. ಈ ಉದ್ಯಾನಗಳಲ್ಲಿ ಜನರೇಟರ್ ಓಡಿಸಲು ಅನುಮತಿ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಮಾತ್ರ. ಅಜ್ಜಿಗೆ ಬೆಳಿಗ್ಗೆ ಆರಕ್ಕೆ ಕಾಫಿಗೆ ಮುಂಚೆ ಚಟ್ನಿ ರುಬ್ಬಬೇಕೆನಿಸಿದರೆ ಮಿಕ್ಸಿ ತಿರುಗುವುದಿಲ್ಲ.

ಸೈಟ್ ಸಿಕ್ಕಿತು ಎನ್ನೋಣ. ಅದರೊಳಗೆ ಗಾಡಿ ಹೋಗುವ ಹತ್ತು ನಿಮಿಷವನ್ನು ಹತ್ತಿರದಿಂದ ನೋಡಿದರೆ ದಿನದ ಮಿಕ್ಕ ಲೆಕ್ಕವೆಲ್ಲ ತಾನೇ ಹೊರಬರುತ್ತದೆ. ಹಳೆಯ ಕಡಲತೀರದ ಕ್ಯಾಂಪ್‌ಗ್ರೌಂಡುಗಳಲ್ಲಿ ಹೆಚ್ಚಿನ ಸೈಟುಗಳು ರಿವರ್ಸ್‌ನಲ್ಲಿ ಹೋಗಿ ನಿಲ್ಲಿಸುವಂಥವು. ಒಂದು ಗಾಡಿ ಅಗಲದ ಒಳರಸ್ತೆ, ಅದಕ್ಕೆ ಓರೆಯಾಗಿ ಟಾರು ಹಾಕಿದ ಒಂದು ಪಟ್ಟಿ, ಅದರ ಒಂದು ಬದಿಗೆ ಮರದ ಮೇಜು ಮತ್ತು ಬೆಂಕಿ ಹಾಕುವ ಕಬ್ಬಿಣದ ಬಳೆ, ಮೇಲೆ ಬಾಗಿದ ಮರದ ಕೊಂಬೆ. ಕರೆಂಟು, ನೀರಿನ ಕಂಬ ಸಾಮಾನ್ಯವಾಗಿ ಪಟ್ಟಿಯ ಎಡಕ್ಕೆ, ಹಿಂಭಾಗದಲ್ಲಿರುತ್ತದೆ. ಗಾಡಿಯ ಪ್ಲಗ್ಗೂ ಚಾಲಕನ ಬದಿಯ ಹಿಂಭಾಗದಲ್ಲೇ ಇರುತ್ತದೆ, ಅಮೆರಿಕದಲ್ಲಿ ಚಾಲಕನ ಬದಿ ಎಂದರೆ ಎಡ. ಎಂದರೆ ಆ ಕಂಬಕ್ಕೆ ತಾಗದಂತೆ, ಆದರೆ ವೈರು ಮುಟ್ಟುವಷ್ಟು ಹತ್ತಿರ ಗಾಡಿ ಹೋಗಿ ನಿಲ್ಲಬೇಕು. ಒಬ್ಬರು ಇಳಿದು ಹಿಂದೆ ನಿಂತು ಕೈಸನ್ನೆ ಮಾಡಬೇಕು, ಚಾಲಕನಿಗೆ ಅವರು ಕನ್ನಡಿಯಲ್ಲಿ ಸದಾ ಕಾಣುತ್ತಿರಬೇಕು, ಇನ್ನೊಬ್ಬರು ಮೇಲಿನ ಕೊಂಬೆಯನ್ನೇ ನೋಡುತ್ತಿರಬೇಕು. ಅನೇಕ ಬಾಡಿಗೆ ಕರಾರುಗಳಲ್ಲಿ ಗಾಡಿಯ ನೆತ್ತಿಗೆ ಆದ ಪೆಟ್ಟು ವಿಮೆಯೊಳಗೆ ಬರುವುದಿಲ್ಲ ಎಂಬುದನ್ನು ಈ ಕೊಂಬೆ ನೋಡುವವರಿಗೆ ಮೊದಲೇ ಹೇಳಿರುವುದು ಒಳ್ಳೆಯದು. ಬೆಳಕಿರುವಾಗ ಇದು ಮಕ್ಕಳಿಗೆ ತಮಾಷೆಯ ಆಟ. ಕತ್ತಲಲ್ಲಿ, ಟಾರ್ಚು ಬಿಟ್ಟುಕೊಂಡು, ಪಕ್ಕದ ಸೈಟಿನವರು ಮಲಗಿರುವ ಹೊತ್ತಲ್ಲಿ ಮಾಡುವುದು ಗಂಡ-ಹೆಂಡಿರ ಜಗಳಕ್ಕೆ ನೇರದಾರಿ. ಉದ್ಯಾನದಲ್ಲಿ ಮಧ್ಯಾಹ್ನ ಎರಡರ ಮೇಲೆ ಒಳಗೆ ಬಿಡುತ್ತಾರೆ, ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ. ನವೆಂಬರಿನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿದ ಮೇಲೆ ಆ ಕರಾವಳಿಯಲ್ಲಿ ಸಂಜೆ ಐದಕ್ಕೇ ಹೊತ್ತು ಮುಳುಗುತ್ತದೆ. ಹಾಗಾದರೆ ತಲುಪಬೇಕಾದ ವೇಳೆ ಎರಡರಿಂದ ನಾಲ್ಕರ ನಡುವೆ. ಪ್ರಯಾಣದ ಇಡೀ ಯೋಜನೆ ಈ ಎರಡು ತಾಸಿನ ಗೂಟಕ್ಕೆ ಕಟ್ಟಿದ್ದು.

ಈಗ ಹಿಂದಕ್ಕೆ ಬರೋಣ. ನಾಲ್ಕಕ್ಕೆ ಮುಂಚೆ ಮಾರೊ ಬೇ ಎಂದರೆ, ಕಾರಿಗೆ ಮೂರು ತಾಸಿನ 101ರ ದಾರಿ ಈ ಗಾಡಿಗೆ ಊಟ, ಪೆಟ್ರೋಲು, ಮಕ್ಕಳ ಕರೆಗಳೆಲ್ಲ ಸೇರಿ ಐದು ತಾಸು. ಬೆಳಿಗ್ಗೆ ಹತ್ತಕ್ಕೆ ಸ್ಯಾನ್ ಹೋಸೆ ಬಿಟ್ಟರೆ ಕೆಲಸಕ್ಕೆ ಹೋಗುವವರ ದಟ್ಟಣೆ ಕರಗಿರುತ್ತದೆ. ಶುಕ್ರವಾರ ಆಫೀಸು ಮುಗಿಸಿ ಹೊರಟರೆ ಮಾರ್ಗನ್ ಹಿಲ್, ಗಿಲ್ರಾಯ್ ದಾಟುವಷ್ಟರಲ್ಲೇ ಸಂಜೆಯಾಗಿ, ತಲುಪುವಾಗ ಕತ್ತಲು. ಅರ್ಧ ದಿನ ರಜೆ ಹಾಕಿ, ಇಲ್ಲವೇ ಶನಿವಾರ ಹೊರಡಿ. ಇದರಲ್ಲಿ ಮೂರನೆಯ ದಾರಿಯಿಲ್ಲ. ಸಲೀನಾಸ್‌ನಿಂದ ಕಿಂಗ್ ಸಿಟಿವರೆಗೆ ದಾರಿ ಸಮತಟ್ಟು. ಮಧ್ಯಾಹ್ನವಾಗುತ್ತಿದ್ದಂತೆ ಒಳನಾಡು ಕಾದು, ಮಾಂಟೆರೆ ಕೊಲ್ಲಿಯ ತಣ್ಣನೆಯ ಗಾಳಿಯನ್ನು ಈ ಕಣಿವೆಯ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ದಕ್ಷಿಣಕ್ಕೆ ಹೋಗುವವರಿಗೆ ಅದು ಬೆನ್ನಿಗೆ ಬೀಸುವ ಗಾಳಿ, ಪೆಟ್ರೋಲ್ ಉಳಿಸುತ್ತದೆ. ಬರುವಾಗ ಅದೇ ಗಾಳಿ ಎದುರು. ಅದರ ವಿಚಾರ ಆಮೇಲೆ. ಟ್ಯಾಂಕ್ ತುಂಬಿಸುವುದನ್ನು ಈ ಕಣಿವೆಯಲ್ಲೇ ಮುಗಿಸಬೇಕು. ಇಲ್ಲಿನ ಬಂಕುಗಳು ಟ್ರ್ಯಾಕ್ಟರ್, ಟ್ರಕ್ಕುಗಳನ್ನು ನೋಡಿ ಬದುಕುವಂಥವು, ಅಂಗಳ ದೊಡ್ಡದು, ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡಬಹುದು. ಬಿಗ್ ಸರ್ ಹಾದಿಯಲ್ಲಿ ಬಂಕುಗಳು ಬೆರಳೆಣಿಕೆ, ಗೋರ್ಡಾ ಎಂಬ ಹಳ್ಳಿಯ ಪೆಟ್ರೋಲ್ ದರವಂತೂ ದೇಶಕ್ಕೇ ಹೆಸರಾಗಿತ್ತು. ಸ್ಯಾನ್ ಮಿಗೆಲ್‌ಗೆ ಮುಂಚೆ, ಕ್ಯಾಂಪ್ ರಾಬರ್ಟ್ಸ್ ಬಳಿ ಹೆದ್ದಾರಿ ಇಲಾಖೆಯ ವಿಶ್ರಾಂತಿ ತಾಣವಿದೆ. ಡಬ್ಬಿಯಲ್ಲಿ ತಂದ ಚಿತ್ರಾನ್ನ, ಮೊಸರನ್ನ ಬಿಚ್ಚಲು ಸರಿಯಾದ ಜಾಗ. ಉದ್ದನೆಯ ಗಾಡಿಗೆಂದೇ ನಿಲ್ಲುವ ಪಟ್ಟಿಗಳಿವೆ, ಆಮೇಲೆ ಹಿಂದಕ್ಕೆ ತೆಗೆಯುವ ಫಜೀತಿಯಿಲ್ಲ.

ಅಲ್ಲಿಂದ ಮುಂದೆಯೇ ಈ ಯೋಜನೆಯ ನಿಜವಾದ ಆಯ್ಕೆ. 101 ಮತ್ತು ಕಡಲಿನ ನಡುವೆ ಸಾಂತಾ ಲೂಸಿಯಾ ಬೆಟ್ಟಸಾಲಿದೆ. ಅದನ್ನು ಎಲ್ಲಿ ದಾಟುವುದು? ಮೊಬೈಲನ್ನು ಕೇಳಿದರೆ ಅಟಸ್ಕಡೇರೊ ಊರಿನಿಂದ ಹೈವೇ 41 ಹಿಡಿಯಿರಿ ಎನ್ನುತ್ತದೆ, ಅದೇ ಹತ್ತಿರ. ಆದರೆ ಅದು ಎರಡೇ ಪಥದ, ತಿರುವಿನ ಮೇಲೆ ತಿರುವಿನ ಬೆಟ್ಟದ ರಸ್ತೆ. ಎರಡನೆಯದು 101ರಲ್ಲೇ ಮುಂದುವರಿದು, ಸುಮಾರು 1,500 ಅಡಿ ಎತ್ತರದ ಕ್ವೆಸ್ಟಾ ಕಣಿವೆಬಾಯಿ ದಾಟಿ ಸ್ಯಾನ್ ಲೂಯಿಸ್ ಒಬಿಸ್ಪೊ ಊರಿಗಿಳಿದು, ಮತ್ತೆ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರ್ ಬರುವುದು. ರಸ್ತೆ ಅಗಲ, ಹೋಗುವ ಬರುವ ಪಥಗಳು ಬೇರೆ ಬೇರೆ. ಆದರೆ ಇಳಿಜಾರು ಕಡಿದು, ನೂರಕ್ಕೆ ಏಳರಷ್ಟು, ಆಮೇಲೆ ಊರಿನ ಸಿಗ್ನಲ್ಲುಗಳು. ಮೂರನೆಯದು ಪಾಸೊ ರೋಬ್ಲೆಸ್‌ನ ದಕ್ಷಿಣಕ್ಕೆ ಹೈವೇ 46ಕ್ಕೆ ಹೊರಳಿ, ದ್ರಾಕ್ಷಿ ತೋಟಗಳ ನಡುವೆ ಹತ್ತಿ, ಕ್ಯಾಂಬ್ರಿಯಾ ಊರಿನ ಹತ್ತಿರ ಕಡಲಿಗಿಳಿಯುವುದು. 41ಕ್ಕಿಂತ ಹದಿನೈದು-ಇಪ್ಪತ್ತು ಕಿಲೋಮೀಟರ್ ಸುತ್ತು. ಇದೂ ಎರಡೇ ಪಥ, ಆದರೆ ಅಂಚು ಅಗಲ, ತಿರುವು ಉದಾರ. ನೆತ್ತಿಯಲ್ಲಿ ಅಡ್ಡಗಾಳಿಯೊಂದನ್ನು ಬಿಟ್ಟರೆ ಭಯಪಡಬೇಕಾದ್ದಿಲ್ಲ. ನನ್ನ ಮತ ಈ 46ಕ್ಕೆ. ಇಳಿಜಾರಿನಲ್ಲಿ ನಮ್ಮ ಕಡೆಯ ಘಾಟಿ ಚಾಲಕರ ಹಳೆಯ ಬುದ್ಧಿಮಾತೇ ಇಲ್ಲಿಗೂ ಸಾಕು, ಹತ್ತಿದ ಗೇರಿನಲ್ಲೇ ಇಳಿಯಬೇಕು. ಇ-450ರ ಗೇರ್ ಕಡ್ಡಿಯ ತುದಿಯಲ್ಲಿ ಟೋ-ಹಾಲ್ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಗಾಡಿ ತಾನೇ ಕೆಳಗಿನ ಗೇರಿಗೆ ಇಳಿದು ಎಂಜಿನ್ನಿನಿಂದಲೇ ತಡೆ ಹಿಡಿಯುತ್ತದೆ. ಎಂಜಿನ್ ಗೋಳಿಡುವ ಸದ್ದಿಗೆ ಹೆದರಿ ಬ್ರೇಕ್ ತುಳಿಯುತ್ತಲೇ ಇಳಿದವರ ಗಾಡಿಯಿಂದ ಕೆಳಗೆ ಬರುವಾಗ ಸುಟ್ಟ ವಾಸನೆ ಬರುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲಾರಿಗಳ ಹಿಂದೆ ಇಳಿದವರಿಗೆ ಆ ವಾಸನೆಯ ಪರಿಚಯ ಹೇಳಬೇಕಿಲ್ಲ. ಇಳಿಯುವಾಗ ದೂರದಲ್ಲಿ ಮಾರೊ ಬಂಡೆಯೂ ಅದರಾಚೆಯ ಸಮುದ್ರವೂ ಒಮ್ಮೆಗೇ ಕಾಣುತ್ತವೆ. ಕಡಲು ಕಾಣದ ದಾರಿ ಎಂದದ್ದು ಅಲ್ಲಿಗೆ ಸುಳ್ಳಾಗುತ್ತದೆ, ಆಗಲಿ.

ಇನ್ನು ಬಿಟ್ಟುಬಂದ ಹೈವೇ 1. ಕಾರ್ಮೆಲ್‌ನಿಂದ ಸ್ಯಾನ್ ಸಿಮಿಯನ್‌ವರೆಗಿನ ಸುಮಾರು 145 ಕಿಲೋಮೀಟರ್ ರಸ್ತೆ 1937ರಲ್ಲಿ ಸಂಚಾರಕ್ಕೆ ತೆರೆಯಿತು. ಅದನ್ನು ಕಡಿಯಲು ಹದಿನೆಂಟು ವರ್ಷ ಹಿಡಿದಿತ್ತು, ಜೈಲಿನ ಕೈದಿಗಳಿಂದಲೂ ಕೆಲಸ ಮಾಡಿಸಿದ್ದರು. ಅಲ್ಲಿ ಬೆಟ್ಟಕ್ಕೂ ಕಡಲಿಗೂ ನಡುವೆ ಬಯಲೆಂಬುದೇ ಇಲ್ಲ. ಕೋನ್ ಪೀಕ್ ಎಂಬ ಶಿಖರ ನೀರಿನಿಂದ ಬರೀ ಐದು ಕಿಲೋಮೀಟರಿನೊಳಗೆ 5,155 ಅಡಿ ಏರುತ್ತದೆ. ಬಂಡೆಯೂ ಗಟ್ಟಿಯದಲ್ಲ, ಭೂಫಲಕಗಳ ತಿಕ್ಕಾಟದಲ್ಲಿ ನಜ್ಜುಗುಜ್ಜಾದ ಮಿಶ್ರಣ. ಮಳೆಗಾಲ ಜೋರಾದ ವರ್ಷ ಅದು ಕಳಚುತ್ತದೆ. 2017ರ ಫೆಬ್ರವರಿಯಲ್ಲಿ ಫೈಫರ್ ಕಣಿವೆಯ ಸೇತುವೆ ಬಿರುಕುಬಿಟ್ಟು ಕೆಡವಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಮಡ್ ಕ್ರೀಕ್ ಬಳಿ ಗುಡ್ಡವೇ ಜಾರಿ ರಸ್ತೆಯನ್ನು ಹೂತು ಸಮುದ್ರದೊಳಕ್ಕೆ ಹೊಸ ನೆಲ ಚಾಚಿಸಿತು, ಮತ್ತೆ ದಾರಿ ತೆರೆಯುವಷ್ಟರಲ್ಲಿ 2018ರ ಜುಲೈ. 2021ರ ಜನವರಿಯಲ್ಲಿ ರ್ಯಾಟ್ ಕ್ರೀಕ್ ಬಳಿ ರಸ್ತೆಯ ತುಂಡೊಂದು ಕೊಚ್ಚಿಹೋಯಿತು. 2023ರ ಜನವರಿಯಲ್ಲಿ ಪಾಲ್ಸ್ ಸ್ಲೈಡ್ ಕುಸಿಯಿತು, ಅದನ್ನು ಸರಿಪಡಿಸುವಷ್ಟರಲ್ಲಿ 2024ರಲ್ಲಿ ರೀಜೆಂಟ್ಸ್ ಸ್ಲೈಡ್. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ದಾರಿ ವರ್ಷಗಟ್ಟಲೆ ತುಂಡಾಗಿಯೇ ಇತ್ತು. ಇಷ್ಟು ವಿವರ ಹೇಳುತ್ತಿರುವುದು ಹೆದರಿಸಲಿಕ್ಕಲ್ಲ. ಈ ರಸ್ತೆ ಮುಚ್ಚುವುದು ಅಪರೂಪದ ಸಂಗತಿಯಲ್ಲ, ಅದರ ಸ್ವಭಾವವೇ ಅದು. ಕುಸಿದಾಗ ಪಕ್ಕಕ್ಕೆ ತಿರುಗಿ ತಪ್ಪಿಸಿಕೊಳ್ಳೋಣವೆಂದರೆ ಮಧ್ಯದಲ್ಲಿ ಬೆಟ್ಟ ದಾಟುವ ಟಾರು ರಸ್ತೆ ಒಂದೇ ಒಂದು, ನಸಿಮಿಯೆಂಟೊ-ಫರ್ಗುಸನ್. ಅದು ಕಿರಿದು, ಕಡಿದು, ಮೋಟರ್‌ಹೋಮಿಗೆ ಹೇಳಿಸಿದ್ದಲ್ಲ. 2020ರ ಕಾಡ್ಗಿಚ್ಚಿನ ಬಳಿಕ ಅದೂ ದೀರ್ಘಕಾಲ ಮುಚ್ಚಿತ್ತು. ಬಿಗ್ ಸರ್‌ನಲ್ಲಿ ಸಿಕ್ಕಿಕೊಂಡವರು ದಕ್ಷಿಣದ ಸ್ಯಾನ್ ಸಿಮಿಯನ್ ತಲುಪಬೇಕಾದರೆ ಮಾಂಟೆರೆಗೆ ಹಿಂತಿರುಗಿ, ಸಲೀನಾಸ್‌ನಲ್ಲಿ ಇದೇ 101 ಹಿಡಿದು, ಇದೇ 46ರಲ್ಲಿ ಇಳಿಯಬೇಕು, ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರ್. ಕಾರಿನವರಿಗೆ ಅದು ಒಂದು ಮಧ್ಯಾಹ್ನದ ನಷ್ಟ. ಆರೂವರೆ ಟನ್ನಿನವರಿಗೆ ಕಾಯ್ದಿರಿಸಿದ ಸೈಟಿನ ಒಂದು ರಾತ್ರಿಯೇ ಹೋಯಿತು.

ರಸ್ತೆ ತೆರೆದಿರುವಾಗ ದಿನಾ ಎಷ್ಟೋ ಮೋಟರ್‌ಹೋಮುಗಳು ಅಲ್ಲಿ ಓಡಾಡುತ್ತವಲ್ಲ, ಕಾನೂನೂ ಬಿಡುತ್ತದಲ್ಲ ಎಂದು ಕೇಳಬಹುದು. ಓಡಾಡುತ್ತವೆ, ಹೌದು. ಪಳಗಿದ ಕೈಗೆ ಅದು ಕಷ್ಟವೂ ಅಲ್ಲ. ಆದರೆ ಅಲ್ಲಿ ಯಾರಿಗೆ ಏನು ದಕ್ಕುತ್ತದೆ ಎಂದು ನೋಡಿ. ಉತ್ತರದಿಂದ ದಕ್ಷಿಣಕ್ಕೆ ಹೋದರೆ ಕಡಲು ಬಲಕ್ಕಿರುತ್ತದೆ, ಆ ಬದಿಯಲ್ಲೇ ಗಾಡಿ ಓಡುತ್ತದೆ. ಆ ದಿಕ್ಕಿಗೆ ಹೋಗಿ ಎಂದು ಪ್ರವಾಸಿ ಕೈಪಿಡಿಗಳೆಲ್ಲ ಹೇಳುವುದು ಅದಕ್ಕೇ. ಮೋಟರ್‌ಹೋಮಿನ ಚಾಲಕನಿಗೆ ಮಾತ್ರ ಆ ಬಲಬದಿ ಎಂದರೆ ಪ್ರಪಾತದ ಅಂಚಿಗೂ ಕನ್ನಡಿಗೂ ನಡುವಿನ ಅಂತರ. ಎಡಕ್ಕೆ ಹಳದಿ ಗೆರೆ, ಬಲಕ್ಕೆ ಬಿಳಿ ಗೆರೆ, ಇವೆರಡನ್ನು ಬಿಟ್ಟು ಆತ ಬೇರೇನನ್ನೂ ನೋಡುವುದಿಲ್ಲ. ಮನೆಮಂದಿ ಒಳಗಿನ ಮೇಜಿನ ಸುತ್ತ ಕೂತಿರುತ್ತಾರೆ, ಕೆಲವರು ಹಿಮ್ಮುಖವಾಗಿ. ತಿರುವುಗಳಲ್ಲಿ ಹೊಟ್ಟೆ ತೊಳಸದವರು ಕಡಿಮೆ. ಹಿಂದೆ ಸಾಲುಗಟ್ಟಿದ ಕಾರುಗಳ ಬಗ್ಗೆ ಕಾನೂನೂ ಇದೆ. ಎರಡು ಪಥದ ರಸ್ತೆಯಲ್ಲಿ ನಿಧಾನವಾಗಿ ಹೋಗುವ ಗಾಡಿಯ ಹಿಂದೆ ಐದು ಅಥವಾ ಹೆಚ್ಚು ವಾಹನಗಳು ಸೇರಿದರೆ, ಜಾಗ ಸಿಕ್ಕಲ್ಲಿ ಪಕ್ಕಕ್ಕೆ ಸರಿದು ಅವುಗಳಿಗೆ ದಾರಿ ಬಿಡಬೇಕು. ಶನಿವಾರ ಹೈವೇ 1ರಲ್ಲಿ ಐದು ಕಾರು ಸೇರಲು ಐದು ನಿಮಿಷ ಬೇಡ. ನೋಟ ನೋಡಲೆಂದು ಮಾಡಿದ ಪಕ್ಕದ ಜಾಗಗಳು ಬೇಸಗೆಯಲ್ಲಿ ಕಾರುಗಳಿಂದ ತುಂಬಿರುತ್ತವೆ. ಮೂವತ್ತು ಅಡಿಯ ಗಾಡಿಗೆ ಬಿಕ್ಸ್‌ಬಿ ಸೇತುವೆಯ ಬಳಿ ಜಾಗ ಸಿಕ್ಕರೆ ಅದು ಲಾಟರಿ ಹೊಡೆದ ಹಾಗೆ. ಕಡೆಗೆ ಆ ಜಗದ್ವಿಖ್ಯಾತ ನೋಟವನ್ನು ನಿಲ್ಲದೆ, ಇಳಿಯದೆ, ಕಿಟಕಿಯಲ್ಲೇ ಮುಗಿಸಬೇಕಾಗುತ್ತದೆ. ಜೂನ್ ತಿಂಗಳಾದರೆ ಆ ಕಿಟಕಿಯ ಆಚೆಗೂ ಮಂಜು. ಒಳನಾಡಿನ ಪಾಸೊ ರೋಬ್ಲೆಸ್ ಬಿಸಿಲಲ್ಲಿ ಕಾದಿರುವಾಗ ಕರಾವಳಿ ಮಧ್ಯಾಹ್ನದವರೆಗೂ ಬೂದು ಹೊದ್ದು ಮಲಗಿರುತ್ತದೆ, ಅಮ್ಮಂದಿರ ಶಾಲು ಪೆಟ್ಟಿಗೆಯಿಂದ ಹೊರಬರುತ್ತದೆ. ಈ ವಾದಕ್ಕೆ ಒಂದು ವಿನಾಯಿತಿ ಒಪ್ಪಲೇಬೇಕು. ಬಾಡಿಗೆಗೆ ಹಿಡಿದದ್ದು 20 ಅಡಿ ಒಳಗಿನ ಕ್ಯಾಂಪರ್ ವ್ಯಾನಾಗಿದ್ದರೆ, ಹೋಗುವವರು ಇಬ್ಬರೇ ಆಗಿದ್ದರೆ, ಮೇಲೆ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಅವರಿಗೆ ಅನ್ವಯಿಸದು. ಅಂಥವರು ಹೈವೇ 1ರಲ್ಲಿ ಧಾರಾಳವಾಗಿ ಹೋಗಬಹುದು.

ಮೊಬೈಲ್ ಇರುವಾಗ ಇಷ್ಟೆಲ್ಲ ಲೆಕ್ಕ ಯಾಕೆ ಎಂಬುದು ಇನ್ನೊಂದು ಆಕ್ಷೇಪ. ಸಾಮಾನ್ಯ ನಕ್ಷೆಯ ಆ್ಯಪ್ ದಾರಿ ತೋರಿಸುವುದು ಕಾರಿಗೆ. 41ನ್ನು ಮೊದಲು ಮುಂದಿಡುವುದು ಅದಕ್ಕೇ. ಗಾಡಿಯ ಉದ್ದ, ಎತ್ತರ, ತೂಕ ಹೇಳಿದರೆ ಅದಕ್ಕೆ ತಕ್ಕ ದಾರಿ ತೋರಿಸುವ, ಆರ್‌ವಿಗೆಂದೇ ಮಾಡಿದ ಉಪಕರಣಗಳೂ ಆ್ಯಪ್‌ಗಳೂ ಮಾರುಕಟ್ಟೆಯಲ್ಲಿವೆ, ಇದ್ದರೆ ಒಳ್ಳೆಯದು. ಆದರೆ ಸಲಕರಣೆ ಮಾತ್ರದಿಂದ ಚಾಲಕನ ತಲೆಯೊಳಗಿನ ಗಾಡಿಯ ಅಳತೆ ಬದಲಾಗುವುದಿಲ್ಲ. ನಾರ್ತ್ ಕೆರೊಲಿನಾದ ಡರ್ಹಮ್ ಊರಿನಲ್ಲಿ ರೈಲು ಹಳಿಯ ಕೆಳಗೊಂದು ರಸ್ತೆಯಿತ್ತು, ಎತ್ತರ 11 ಅಡಿ 8 ಅಂಗುಲ. ಮುನ್ನೆಚ್ಚರಿಕೆಯ ಫಲಕ, ಮಿಣುಕುವ ದೀಪ, ಎಲ್ಲವೂ ಇತ್ತು. ಆದರೂ ವರ್ಷಗಟ್ಟಲೆ ಬಾಡಿಗೆ ಟ್ರಕ್ಕುಗಳು ಹೋಗಿ ನೆತ್ತಿ ಕಿತ್ತುಕೊಳ್ಳುತ್ತಲೇ ಇದ್ದವು. ಅದನ್ನು ಕ್ಯಾಮೆರಾದಲ್ಲಿ ಹಿಡಿದ ದೃಶ್ಯಗಳಿಂದಲೇ ಆ ಸೇತುವೆ ಜಗತ್ತಿಗೆಲ್ಲ ಪರಿಚಿತವಾಯಿತು. 2019ರಲ್ಲಿ ಅದನ್ನು 12 ಅಡಿ 4 ಅಂಗುಲಕ್ಕೆ ಎತ್ತರಿಸಿದರು. ಬಡಿತ ಆಮೇಲೂ ಪೂರ್ತಿ ನಿಲ್ಲಲಿಲ್ಲ. ಫಲಕ ಓದದವರು ದಡ್ಡರಲ್ಲ; ದಿನಾ ಆರಡಿ ಎತ್ತರದ ಕಾರು ಓಡಿಸುವವನ ಕಣ್ಣಿಗೆ ಎತ್ತರದ ಫಲಕ ತನ್ನ ವಿಷಯ ಎಂದೇ ಅನ್ನಿಸುವುದಿಲ್ಲ, ಅಷ್ಟೇ. ಅದಕ್ಕೇ ಪಳಗಿದವರು ಗಾಡಿಯ ಎತ್ತರ, ಉದ್ದಗಳನ್ನು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಸ್ಟಿಯರಿಂಗ್ ಎದುರು ಅಂಟಿಸಿಕೊಳ್ಳುವುದು. ಹೊರಡುವ ದಿನ ಬೆಳಿಗ್ಗೆ ನೋಡಬೇಕಾದದ್ದು ಕ್ಯಾಲ್ಟ್ರಾನ್ಸ್ ಎಂಬ ಹೆದ್ದಾರಿ ಇಲಾಖೆಯ ಕ್ವಿಕ್‌ಮ್ಯಾಪ್. ಯಾವ ರಸ್ತೆ ಮುಚ್ಚಿದೆ, ಎಲ್ಲಿ ಒಂದೇ ಪಥ ಬಿಡುತ್ತಿದ್ದಾರೆ ಎಂಬುದು ಅದರಲ್ಲಿ ಸಿಗುತ್ತದೆ.

ಮನಸ್ಸಿಗೆ ನಾಟುವ ಆಕ್ಷೇಪ ಮಾತ್ರ ಬೇರೆ. ಮನೆಯನ್ನೇ ಜೊತೆಗೊಯ್ಯುವುದು ಬೇಕೆಂದಲ್ಲಿ ನಿಲ್ಲುವ ಸ್ವಾತಂತ್ರ್ಯಕ್ಕಲ್ಲವೇ, ರೈಲಿನ ವೇಳಾಪಟ್ಟಿಯಂತೆ ಕೂಡಿ ಕಳೆಯುವುದಾದರೆ ಮೋಟೆಲಿಗೆ ಹೋಗಬಹುದಲ್ಲ? ದುಡ್ಡಿನ ಲೆಕ್ಕದಲ್ಲಿ ಈ ಮಾತನ್ನು ತಳ್ಳಿಹಾಕುವಂತಿಲ್ಲ. ದಿನದ ಬಾಡಿಗೆ, ಮೈಲಿಗಿಷ್ಟು ಎಂಬ ಮೇಲ್ದರ, ಪೆಟ್ರೋಲು, ಸೈಟಿನ ಶುಲ್ಕ ಎಲ್ಲ ಕೂಡಿಸಿದರೆ ಎರಡು ಕಾರು ಮತ್ತು ಎರಡು ಮೋಟೆಲ್ ಕೋಣೆಗಳಿಗಿಂತ ಆರ್‌ವಿ ಅಗ್ಗವಾಗುವುದು ಕಷ್ಟ. ಅಗ್ಗವೆಂದು ಯಾರೂ ಇದಕ್ಕೆ ಕೈಹಾಕಬಾರದು. ಆದರೆ ಬೇಕೆಂದಲ್ಲಿ ನಿಲ್ಲುವ ಸ್ವಾತಂತ್ರ್ಯ ಈ ಕರಾವಳಿಯಲ್ಲಿ ಇಲ್ಲವೇ ಇಲ್ಲ. ಬಿಗ್ ಸರ್‌ನ ಹೆದ್ದಾರಿ ಬದಿಯಲ್ಲಿ ರಾತ್ರಿ ತಂಗುವುದು ನಿಷಿದ್ಧ, ವಿಶ್ರಾಂತಿ ತಾಣದಲ್ಲಿ ಎಂಟು ತಾಸಿಗಿಂತ ಹೆಚ್ಚು ಇರುವಂತಿಲ್ಲ, ಬೇಸಗೆಯ ಶನಿವಾರ ಸಂಜೆ ಖಾಲಿ ಸೈಟ್ ಹುಡುಕುತ್ತಾ ಹೋದರೆ ಗಾಡಿ ನಿಲ್ಲಿಸಲು ಸೂಪರ್ ಮಾರ್ಕೆಟ್ಟಿನ ಅಂಗಳವೇ ಗತಿ. ಈ ಬಗೆಯ ಪ್ರವಾಸದ ಸ್ವಾತಂತ್ರ್ಯವಿರುವುದು ನಿಂತ ಮೇಲಿನ ಹೊತ್ತಿನಲ್ಲಿ. ಸಕ್ಕರೆ ಕಾಯಿಲೆಯ ಅಪ್ಪನಿಗೆ ವೇಳೆಗೆ ಸರಿಯಾಗಿ ಮುದ್ದೆಯೋ ಅನ್ನ-ಸಾರೋ ಸಿಗುವುದು, ಮಂಡಿ ನೋವಿನ ಅಮ್ಮ ಹತ್ತು ಹೆಜ್ಜೆಯಲ್ಲಿ ತಮ್ಮದೇ ಬಚ್ಚಲಿಗೆ ಹೋಗಿಬರುವುದು, ಮಕ್ಕಳು ಒದ್ದೆ ಬಟ್ಟೆಯಲ್ಲೇ ಒಳಗೆ ಓಡಿಬಂದು ಮತ್ತೆ ಮರಳಿಗೆ ಓಡುವುದು. ನಾಲ್ಕಕ್ಕೆ ತಲುಪಿದವರಿಗೆ ಇದು ಮೊದಲ ಸಂಜೆಯಿಂದಲೇ ಸಿಗುತ್ತದೆ, ರಾತ್ರಿ ಒಂಬತ್ತಕ್ಕೆ ತಲುಪಿದವರಿಗೆ ಮರುದಿನದಿಂದ. ಎರಡೇ ರಾತ್ರಿಯ ಪ್ರವಾಸದಲ್ಲಿ ಆ ಒಂದು ಸಂಜೆಯನ್ನು ದಾರಿಗೆ ಕೊಡುವುದೋ ತೀರಕ್ಕೆ ಕೊಡುವುದೋ ಎಂಬುದೇ ಇಲ್ಲಿನ ಪ್ರಶ್ನೆ.

ಹಾಗೆಂದು ಹೈವೇ 1ನ್ನು ಪೂರ್ತಿ ಕೈಬಿಡಬೇಕಾಗಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ. ಎರಡು ಮನೆಯವರು ಹೋಗುವಾಗ ಒಬ್ಬರು ಕಾರನ್ನೂ ತಂದರೆ ಅರ್ಧ ತಲೆನೋವು ಅಲ್ಲಿಗೇ ಕಳೆಯಿತು: ಮನೆ 101ರಲ್ಲಿ ಬರಲಿ, ತಿರುವಿನ ಹುಚ್ಚಿರುವವರು ರಸ್ತೆ ತೆರೆದಿದ್ದರೆ ಕಾರಿನಲ್ಲಿ ಬಿಗ್ ಸರ್ ನೋಡಿಕೊಂಡು ಬರಲಿ. ಕಾರಿಲ್ಲದವರಿಗೂ ದಾರಿಯಿದೆ, ಏಕೆಂದರೆ ಹೈವೇ 1 ಎಲ್ಲ ಕಡೆಯೂ ಒಂದೇ ತರಹ ಇಲ್ಲ. ಮಾರೊ ಬೇಯಿಂದ ಉತ್ತರಕ್ಕೆ ಕೇಯುಕಸ್, ಕ್ಯಾಂಬ್ರಿಯಾ, ಸ್ಯಾನ್ ಸಿಮಿಯನ್ ದಾಟಿ ಪಿಯೆಡ್ರಾಸ್ ಬ್ಲಾಂಕಾಸ್‌ವರೆಗೆ ಅದು ಹುಲ್ಲುಗಾವಲಿನ ಪಕ್ಕದಲ್ಲಿ, ಕಡಲಿಗೆ ಹತ್ತಿರ ಹತ್ತಿರವೇ, ಸಾಧುವಾಗಿ ಸಾಗುತ್ತದೆ. ಬೇಕಾದರೆ ಮೋಟರ್‌ಹೋಮನ್ನೇ ತೆಗೆದುಕೊಂಡು ಹೋಗಬಹುದು. ಆ ತುದಿಯಲ್ಲಿ ಎಲಿಫೆಂಟ್ ಸೀಲ್‌ಗಳ ಹಿಂಡು ಮರಳ ಮೇಲೆ ಬಿದ್ದುಕೊಂಡಿರುತ್ತದೆ, ಹತ್ತಿರದಿಂದ ನೋಡಲು ಕಟಾಂಜನದ ಹಾದಿ ಇದೆ, ಟಿಕೆಟ್ ಇಲ್ಲ, ಗಾಡಿ ನಿಲ್ಲಿಸಲು ದೊಡ್ಡ ಅಂಗಳವಿದೆ. ಜನವರಿಯ ಕೊನೆಗೆ ಹೋದರೆ ಮರಿಗಳ ಕಾಲ, ಏಪ್ರಿಲ್-ಮೇ ತಿಂಗಳಲ್ಲಿ ಹೆಣ್ಣು ಮತ್ತು ಎಳೆಯ ಸೀಲುಗಳು ಚರ್ಮ ಕಳಚುವ ಕಾಲ. ಇನ್ನೂ ಮುಂದೆ ರ್ಯಾಗೆಡ್ ಪಾಯಿಂಟ್ ಕಡೆಗೆ ರಸ್ತೆ ಬೆಟ್ಟ ಹತ್ತತೊಡಗುತ್ತದೆ. ದೊಡ್ಡ ಗಾಡಿಯವರು ಅಲ್ಲಿಗೆ ಮುಂಚೆಯೇ ಹಿಂತಿರುಗುವುದು ಲೇಸು.

ಮರಳುವ ದಿನದ ಲೆಕ್ಕವನ್ನು ಯಾರೂ ಮುಂಚಿತವಾಗಿ ಹಾಕುವುದಿಲ್ಲ, ಅದಕ್ಕೇ ಭಾನುವಾರಗಳು ಹಾಳಾಗುವುದು. ಸೈಟ್ ಖಾಲಿ ಮಾಡಲು ಮಧ್ಯಾಹ್ನ ಹನ್ನೆರಡರವರೆಗೆ ಅವಕಾಶವಿದ್ದರೂ ಅಷ್ಟು ಹೊತ್ತು ಕಾಯಬಾರದು. ಗಾಡಿಯೊಳಗಿನ ಸಂಡಾಸಿನ ಮತ್ತು ಬಚ್ಚಲಿನ ಟ್ಯಾಂಕುಗಳನ್ನು ಕ್ಯಾಂಪ್‌ಗ್ರೌಂಡಿನ ಡಂಪ್ ಸ್ಟೇಷನ್ನಿನಲ್ಲೇ ಬರಿದು ಮಾಡಿ ಹೊರಡಬೇಕು, ಮೊದಲು ಸಂಡಾಸಿನದು, ಆಮೇಲೆ ಬಚ್ಚಲಿನದು, ಪೈಪು ತೊಳೆಯಲು ಆ ಸಾಬೂನು ನೀರೇ ಸಾಕು. ಹನ್ನೊಂದರ ಹೊತ್ತಿಗೆ ಅಲ್ಲಿ ಗಾಡಿಗಳ ಸಾಲು ಹೈವೇಯ ಟೋಲಿನ ಸಾಲಿನಂತೆ ಬೆಳೆದಿರುತ್ತದೆ, ಒಂಬತ್ತಕ್ಕೆ ಹೋದರೆ ಇಬ್ಬರೋ ಮೂವರೋ. ಕುಡಿಯುವ ನೀರಿನ ಟ್ಯಾಂಕನ್ನೂ ಹೊತ್ತೊಯ್ಯುವ ಅಗತ್ಯವಿಲ್ಲ. ನೂರೈವತ್ತು ಲೀಟರ್ ನೀರೆಂದರೆ ನೂರೈವತ್ತು ಕಿಲೋ, 46ರ ಏರಿನಲ್ಲಿ ಅದು ಬರೀ ಹೊರೆ. ಹತ್ತಕ್ಕೆ ಹೊರಟರೆ ಮಧ್ಯಾಹ್ನ ಒಂದರೊಳಗೆ ಸಲೀನಾಸ್ ಕಣಿವೆಯ ಬಹುಭಾಗ ದಾಟಿರುತ್ತೀರಿ, ಎದುರುಗಾಳಿ ಇನ್ನೂ ಪೂರ್ತಿ ಎದ್ದಿರುವುದಿಲ್ಲ. ಮೂರರ ಮೇಲೆ ಅದೇ ಕಣಿವೆಯಲ್ಲಿ ಉತ್ತರಕ್ಕೆ ಹೊರಟ ಡಬ್ಬದಂಥ ಗಾಡಿ ಗಾಳಿಗೆ ಎದೆಕೊಟ್ಟು ಪೆಟ್ರೋಲ್ ಕುಡಿಯುತ್ತದೆ, ಪಕ್ಕದಲ್ಲಿ ಟ್ರಕ್ಕು ಹಾದಾಗಲೆಲ್ಲ ಸ್ಟಿಯರಿಂಗನ್ನು ಬಿಗಿಹಿಡಿಯಬೇಕಾಗುತ್ತದೆ. ಅದಾದ ಮೇಲೆ ಗಿಲ್ರಾಯ್‌ನಿಂದ ಸ್ಯಾನ್ ಹೋಸೆಗೆ ಭಾನುವಾರ ಸಂಜೆಯ ದಟ್ಟಣೆ. ಬಾಡಿಗೆ ಅಂಗಡಿಗಳು ಬಹಳಷ್ಟು ಕಡೆ ಭಾನುವಾರ ಬೇಗ ಮುಚ್ಚುತ್ತವೆ ಅಥವಾ ತೆರೆಯುವುದೇ ಇಲ್ಲ, ಗಾಡಿ ಒಪ್ಪಿಸುವುದು ಸೋಮವಾರ ಬೆಳಿಗ್ಗೆ ಎಂದು ಮೊದಲೇ ಮಾತಾಡಿಕೊಂಡಿರಬೇಕು. ಆ ಒಂದು ರಾತ್ರಿ ಮೂವತ್ತು ಅಡಿಯ ಗಾಡಿಯನ್ನು ಮನೆಯ ಮುಂದೆ ಎಲ್ಲಿ ನಿಲ್ಲಿಸುವುದು, ನಿಮ್ಮ ಊರಿನ ಪಾರ್ಕಿಂಗ್ ನಿಯಮ ಅದಕ್ಕೆ ಬಿಡುತ್ತದೆಯೇ ಎಂಬುದನ್ನು ಸೈಟ್ ಬುಕ್ ಮಾಡುವ ದಿನವೇ ಕೇಳಿ ಇಟ್ಟುಕೊಳ್ಳಿ.